ಉಣ್ಣೆಯ ಲೆಕ್ಕ, ಮದ್ದಿನ ಲೆಕ್ಕ

ಕೌಕಬ್ ಬೀಬಿ ಮೊಮ್ಮಗಳ ಕ್ಯಾಲ್ಕುಲೇಟರನ್ನು ಅಕ್ಕಿ ಡಬ್ಬದೊಳಗೆ ಹೂತಿಟ್ಟದ್ದು ಹೊಸವರ್ಷದ ನೌರೂಜ್ ಹಬ್ಬದ ಹದಿಮೂರೂ ದಿನ ಕಳೆದು ಮನೆಮಂದಿ ಮತ್ತೆ ಕೆಲಸಕ್ಕೆ ಹತ್ತಿದ ವಾರದಲ್ಲಿ. ಅದು ಸಿಕ್ಕಿದ್ದು ಸೊಸೆ ಮನ್ಸೂರೆಯ ಕೈಗೆ. ಬೆಳಗಿನ ಪಾಳಿ ಮುಗಿಸಿ ಆಸ್ಪತ್ರೆಯಿಂದ ಬಂದು, ತಲೆವಸ್ತ್ರ ಬಿಚ್ಚಿ ಗೂಟಕ್ಕೆ ಹಾಕಿ, ಬೇಳೆಯನ್ನಕ್ಕೆಂದು ಅಕ್ಕಿಯೊಳಗೆ ಲೋಟ ಅದ್ದಿದಾಗ ಅಂಚಿಗೆ ಏನೋ ಟಕ್ಕೆಂದು ತಾಗಿತು.

"ಬೀಬಿ, ಅಕ್ಕೀಲಿ ಏನಿದು?"

"ಹುಳ," ಅಂದಳು ಅತ್ತೆ, ಮಡಿಲಿನ ಸೊಪ್ಪಿನಿಂದ ಕಣ್ಣೆತ್ತದೆ. "ಹುಡುಗೀದು ಒಂದು ವರ್ಷ ತಿಂದು ಹಾಕ್ತು. ಇನ್ನೊಂದು ವರ್ಷ ತಿನ್ನೋಕೆ ನಾನು ಬಿಡಲ್ಲ."

ಮನ್ಸೂರೆ ಕ್ಯಾಲ್ಕುಲೇಟರಿನ ಗುಂಡಿಗಳ ಸಂದಿಯಲ್ಲಿ ಸಿಕ್ಕಿದ್ದ ಅಕ್ಕಿಕಾಳನ್ನು ಉಗುರಿನಿಂದ ಕೆದಕಿ ತೆಗೆದು ಅದನ್ನು ತನ್ನ ಚೀಲಕ್ಕೆ ಹಾಕಿಕೊಂಡಳು. ಒಂಬತ್ತನೇ ತರಗತಿಯಲ್ಲಿ ಮಗಳಿಗೆ ಅದನ್ನು ತಂದುಕೊಟ್ಟವಳು ಅವಳೇ. ಬೀಬಿಯ ಮಾತು ಯಂತ್ರಕ್ಕೆ ಅಂದಂತಿದ್ದರೂ ಬಿದ್ದದ್ದು ಅವಳ ಮೈಮೇಲೆ.

ಮಗಳು ಗೆಲಾರೆಗೆ ಹತ್ತೊಂಬತ್ತು. ಹೋದ ಬೇಸಿಗೆಯಲ್ಲಿ ಕೊಂಕೂರಿಗೆ ಕೂತಿದ್ದಳು. ದೇಶದ ಮಕ್ಕಳೆಲ್ಲ ಒಂದೇ ಸಲ ಬರೆಯುವ ಆ ಪ್ರವೇಶ ಪರೀಕ್ಷೆಗೆ ಪೆನ್ಸಿಲು, ರಬ್ಬರು ಬಿಟ್ಟು ಇನ್ನೇನನ್ನೂ ಒಳಗೆ ಬಿಡುವುದಿಲ್ಲ. ಮನೆಯಲ್ಲಿ ಅವಳು ಲೆಕ್ಕ ಮಾಡುವ ದಾರಿ ಮಾತ್ರ ಕಲಿತಿದ್ದಳು. ಗುಣಿಸುವುದು ಭಾಗಿಸುವುದನ್ನೆಲ್ಲ ಯಂತ್ರಕ್ಕೆ ಬಿಟ್ಟಿದ್ದಳು. "ವಿಧಾನ ಗೊತ್ತಿದ್ರೆ ಆಯ್ತು, ಅಂಕಿ ಏನು ಮಹಾ," ಅಂದಿದ್ದರು ಮನೆಪಾಠದ ಮೇಷ್ಟ್ರು. ಒಳಗೆ ಹೋಗಿ ಕೂತಾಗ ಅಂಕಿಯೇ ಮಹಾ ಆಯಿತು. ಗಣಿತ, ರಸಾಯನಶಾಸ್ತ್ರ ಎರಡರಲ್ಲೂ ಸೇರಿ ಹತ್ತೊಂಬತ್ತು ಪ್ರಶ್ನೆಗಳು ಮುಟ್ಟದೆ ಉಳಿದಿರುವಾಗಲೇ ಹೊತ್ತು ಮುಗಿದಿತ್ತು. ಅವಳಿಗೆ ಬೇಕಿದ್ದದ್ದು ಇಸ್ಫಹಾನಿನ ವಿಶ್ವವಿದ್ಯಾಲಯದಲ್ಲಿ ಫಾರ್ಮಸಿ ಸೀಟು. ಸಿಕ್ಕಿದ್ದು ಏನೂ ಇಲ್ಲ.

ಅಪ್ಪ ಹೊಜ್ಜತ್ ಮಿನಿಬಸ್ ಓಡಿಸುವವನು, ಮಾತು ಕಡಿಮೆ. ಒಂದೇ ಮಾತು ಹೇಳಿದ್ದ: "ಇನ್ನೊಂದು ಸಲ ಕೂತ್ಕೋ. ಆಮೇಲೆ ಕನ್ನಡಕದ ಅಂಗಡಿ ಬಹ್ಮನ್ ಕೆಲಸಕ್ಕೆ ಕೇಳ್ತಾ ಇದಾನೆ, ಅಲ್ಲಿಗೆ ಹೋಗು. ಮೂರನೇ ಸಲ ಅನ್ನೋದು ಈ ಮನೇಲಿ ಬೇಡ."

ಶುಕ್ರವಾರ ಮಧ್ಯಾಹ್ನ ನೆಲದ ಮೇಲೆ ಊಟದ ಬಟ್ಟೆ ಹಾಸಿ ನಾಲ್ವರೂ ಕೂತಿದ್ದರು. ಮಾಂಸ ಕಡಲೆ ಬೇಯಿಸಿದ ರಸಕ್ಕೆ ಹೊಜ್ಜತ್ ರೊಟ್ಟಿ ಮುರಿದು ಹಾಕುತ್ತಿದ್ದ. ಬೀಬಿ ಈರುಳ್ಳಿಯನ್ನು ಮುಷ್ಟಿಯಿಂದ ಗುದ್ದಿ ಒಡೆದು ಮೊಮ್ಮಗಳ ಮುಂದೆ ಇಟ್ಟಳು.

"ಹದಿನೇಳು ಹದಿನೆಂಟಲ ಎಷ್ಟೇ?"

"ಬೀಬಿ, ಊಟ ಮಾಡ್ತಿದೀನಿ."

"ಬಾಯಲ್ಲಿ ಊಟ. ತಲೆ ಖಾಲಿ ಇದೆಯಲ್ಲ."

ಗೆಲಾರೆ ಚಮಚ ಹಿಡಿದು ಚಾವಣಿ ನೋಡಿದಳು. "ಮುನ್ನೂರ... ಇನ್ನೂರ..."

"ಮುನ್ನೂರ ಆರು," ಅಂದಳು ಬೀಬಿ. "ಅಕ್ಷರ ಬಾರದ ಮುದುಕಿ ನಾನು. ಹನ್ನೆರಡು ವರ್ಷ ಸ್ಕೂಲಿಗೆ ಹೋದೋಳು ಆಕಾಶ ನೋಡ್ತೀಯ. ಎಲ್ಲಾ ಆ ಡಬ್ಬಿ ದೆಸೆಯಿಂದ."

"ಬೀಬಿ, ಸಾಕು," ಅಂದಳು ಮನ್ಸೂರೆ.

"ಸುಳ್ಳು ಹೇಳಿದ್ನಾ?"

"ಆ ಡಬ್ಬಿ ಇಲ್ದೆ ನಾನು ವಾರ್ಡಿಗೆ ಕಾಲಿಡಲ್ಲ, ಗೊತ್ತಾ ನಿಮಗೆ?"

"ನಿನಗ್ಯಾಕೆ ಬೇಕು? ನೀನು ಜಾಣೆ."

ಮನ್ಸೂರೆ ರೊಟ್ಟಿ ಚೂರನ್ನು ಕೆಳಗಿಟ್ಟಳು. ಏಳು ವರ್ಷದಿಂದ ಯಾರಿಗೂ ಹೇಳದ್ದನ್ನು, ಉಪ್ಪಿನಕಾಯಿ ಕೇಳಿದಷ್ಟು ಸಾಧಾರಣ ದನಿಯಲ್ಲಿ ಹೇಳಿದಳು.

"ಮಕ್ಕಳ ವಾರ್ಡಲ್ಲಿದ್ದಾಗ ನಾನೂ ಜಾಣೆ ಅಂದ್ಕೊಂಡಿದ್ದೆ. ಎಲ್ಲಾ ತಲೇಲೇ ಮಾಡ್ತಿದ್ದೆ. ಅರ್ಧ ಮಿಲಿ ತುಂಬಬೇಕಾದ ಸಿರಿಂಜಿಗೆ ಐದು ಮಿಲಿ ತುಂಬಿದೆ. ಮಗೂಗೆ ಎರಡು ವರ್ಷ. ಸೂಜಿ ಚುಚ್ಚೋ ಹೊತ್ತಿಗೆ ಹಿಂದೆ ನಿಂತಿದ್ದ ಹಿರಿಯ ನರ್ಸು ನನ್ನ ಕೈ ಹಿಡಿದಳು. ಅವಳು ಆವಾಗ ನೀರು ಕುಡಿಯೋಕೆ ಹೋಗಿದ್ದಿದ್ರೆ?"

ಹೊಜ್ಜತ್ ಹೆಂಡತಿಯ ಮುಖವನ್ನೇ ನೋಡುತ್ತಿದ್ದ. "ನನಗೆ ಹೇಳಲೇ ಇಲ್ಲ ನೀನು," ಅಂದ.

"ಹೇಳೋ ಅಂಥದ್ದಾ ಅದು?"

ಬೀಬಿ ತನ್ನ ತಟ್ಟೆಯ ಒಳ್ಳೆಯ ಮಾಂಸದ ತುಂಡನ್ನು ಎತ್ತಿ ಸೊಸೆಯ ತಟ್ಟೆಗೆ ಹಾಕಿದಳು. "ತಿನ್ನು," ಅಂದಳು. "ಆದ್ರೂ ಪರೀಕ್ಷೇಲಿ ಡಬ್ಬಿ ಬಿಡಲ್ಲ. ಅದಕ್ಕೇನು ಮಾಡ್ತೀಯ ಹೇಳು."

ಊಟ ಮುಗಿಯುವಷ್ಟರಲ್ಲಿ ಒಪ್ಪಂದವಾಯಿತು. ಪರೀಕ್ಷೆ ಮುಗಿಯುವವರೆಗೆ ಯಂತ್ರ ಅಮ್ಮನ ಚೀಲದಲ್ಲಿ. ಗೆಲಾರೆ ದಿನಕ್ಕೆರಡು ತಾಸು ಬೀಬಿಯ ಮಗ್ಗದ ಮುಂದೆ.

ಹಿಂದಿನ ಕೋಣೆಯ ಗೋಡೆಗೆ ಒರಗಿಸಿದ್ದ ಆ ಮಗ್ಗದಲ್ಲಿ ಅರ್ಧ ನೇಯ್ದ ರತ್ನಗಂಬಳಿ ಇತ್ತು. ಹರೆಯದಿಂದ ಕೌಕಬ್ ಒಂದು ನೇಯ್ಗೆಮನೆಯಲ್ಲಿ ಮೂವತ್ತು ವರ್ಷ ನಕ್ಷೆ ಹಾಡಿದವಳು. ಆರು ಹುಡುಗಿಯರು ಮಗ್ಗಕ್ಕೆ ಮುಖಮಾಡಿ ಕೂತರೆ, ಇವಳು ಹಿಂದೆ ನಿಂತು ಯಾವ ಬಣ್ಣದ ಗಂಟು ಎಷ್ಟು, ಎಷ್ಟು ಎಳೆ ಬಿಡಬೇಕು ಎಂಬುದನ್ನು ರಾಗವಾಗಿ ಕೂಗಬೇಕು. "ಎರಡು ಕೆಂಪು, ಐದು ಬಿಟ್ಟು ಒಂದು ನೀಲಿ, ನೀಲಿ ಪಕ್ಕ ಮೂರು ಕೆನೆ." ಆರು ಜೊತೆ ಕೈಗಳಲ್ಲಿ ಒಂದು ತಪ್ಪಿದರೂ ಹೂವಿನ ಎಸಳು ಸೊಟ್ಟಗಾಗುತ್ತಿತ್ತು. ಓದು ಬಾರದವಳು ನಕ್ಷೆ ಬರೆದ ಚೌಕುಳಿ ಹಾಳೆಯ ಚೌಕಗಳನ್ನು ಎಣಿಸಿಯೇ ಲೆಕ್ಕ ಕಲಿತಳು.

ಅಡುಗೆಮನೆಯಲ್ಲಿ ಬದನೆ ಹುರಿಯುತ್ತ ಮನ್ಸೂರೆಗೆ ಅವರಿಬ್ಬರ ಮಾತು ಕೇಳುತ್ತಿತ್ತು.

"ಮೂವತ್ತೆಂಟು ಇಪ್ಪತ್ತಾರಲ?"

"ಕಾಗದ ಕೊಡು ಬೀಬಿ."

"ಕಾಗದ ಕೊಡ್ತೀನಿ, ಚಹಾನೂ ಕಾಯಿಸಿ ಕೊಡಲಾ? ಗಂಟು ಹಾಕ್ತಾನೇ ಹೇಳು. ಮೂವತ್ತೆಂಟು ಅಂದ್ರೆ ಯಾರು? ನಲವತ್ತರ ಮನೆ ಬಾಗಿಲಲ್ಲಿ ನಿಂತಿರೋನು. ಒಳಗೆ ಕರಿ ಅವನನ್ನ. ನಲವತ್ತು ಇಪ್ಪತ್ತಾರಲ?"

"ಸಾವಿರದ ನಲವತ್ತು."

"ಎರಡು ಇಪ್ಪತ್ತಾರನ್ನ ಸಾಲ ತಂದಿದ್ದೆ, ವಾಪಸ್ ಕೊಡು."

"ಒಂಬೈನೂರ... ಎಂಬತ್ತೆಂಟು!"

"ಹೂಂ. ಅಷ್ಟು ನಿಖರ ಬೇಡ ಅಂದ್ರೆ ನಲವತ್ತಕ್ಕೇ ನಿಲ್ಲು. ಉಣ್ಣೆ ತರಿಸೋಕೆ ಸಾವಿರದ ನಲವತ್ತೇ ಸಾಕು. ಉತ್ತರ ಯಾವ ಓಣೀಲಿದೆ ಅಂತ ಗೊತ್ತಾದ್ರೆ ಮನೆ ಹುಡುಕೋದು ಎಷ್ಟು ಹೊತ್ತು?"

ಮನ್ಸೂರೆ ಒಲೆ ಸಣ್ಣ ಮಾಡಿ ಚೀಲದಿಂದ ಯಂತ್ರ ತೆಗೆದು ಗುಟ್ಟಾಗಿ ಒತ್ತಿ ನೋಡಿದಳು. ಒಂಬೈನೂರ ಎಂಬತ್ತೆಂಟು. ಹಾಗೆ ದಿನಾ ನೋಡತೊಡಗಿದಳು. ಅತ್ತೆಯ ಒಂದು ಉತ್ತರವನ್ನಾದರೂ ತಪ್ಪೆಂದು ಹಿಡಿಯುವ ಆಸೆ ಮೊದಮೊದಲು ಇತ್ತು. ಎರಡನೇ ವಾರಕ್ಕೆ ಆ ಆಸೆ ಹೋಗಿ, ಎಪ್ಪತ್ತಮೂರು ವರ್ಷದ ಈ ಹೆಂಗಸಿನ ತಲೆಯೊಳಗೆ ಅದೆಷ್ಟು ಕೋಣೆಗಳಿವೆಯೋ ಎಂದು ಬೆರಗಾಗುತ್ತ ಬದನೆ ಸೀಯಿಸಿದಳು.

"ಏನೋ ಸೀದ ವಾಸನೆ!" ಒಳಗಿಂದ ಬೀಬಿ ಕೂಗಿದಳು. "ಎಷ್ಟು ಬದನೆ ಹೋಯ್ತು?"

"ನಾಲ್ಕೇ."

"ಹತ್ತರಲ್ಲಿ ನಾಲ್ಕು. ಹೊಜ್ಜತ್‌ಗೆ ಮೊಟ್ಟೆ ಒಡಿ."

ಗೆಲಾರೆ ಬದಲಾದಳು. ಬಸ್ಸಿನ ನಂಬರುಗಳನ್ನು ಗುಣಿಸುತ್ತಿದ್ದಳು, ರೊಟ್ಟಿ ಅಂಗಡಿಯ ಸಾಲಿನಲ್ಲಿ ನಿಂತು ಭಾಗಿಸುತ್ತಿದ್ದಳು. ವಾರ ಬಿಟ್ಟು ವಾರ ಶುಕ್ರವಾರ ಬೆಳಿಗ್ಗೆ ನಡೆಯುವ ಅಣಕು ಪರೀಕ್ಷೆಯಿಂದ ಒಂದು ದಿನ ಹಾರಿಕೊಂಡೇ ಬಂದಳು. "ಅಮ್ಮಾ, ನಾಲ್ಕೇ ನಾಲ್ಕು ಬಿಟ್ಟಿದ್ದು! ಹತ್ತು ನಿಮಿಷ ಮಿಕ್ಕಿತ್ತು!" ಬೀಬಿ ಅವಳ ತಲೆ ಸುತ್ತ ಹೊಗೆಯಾಡಿಸಿ ದೃಷ್ಟಿ ತೆಗೆದಳು. ಹೊಜ್ಜತ್ ಆ ವರ್ಷದ ಮೊದಲ ಕಲ್ಲಂಗಡಿ ತಂದ.

ಭಾನುವಾರ ಅಂಕ ಬಂತು. ಹೋದ ಸಲಕ್ಕಿಂತಲೂ ಕಡಿಮೆ. ನಾಲ್ಕು ಬಿಟ್ಟು ಎಲ್ಲವನ್ನೂ ಮುಟ್ಟಿದ್ದಳು, ಹದಿನೇಳು ತಪ್ಪಾಗಿದ್ದವು. ಮೂರು ತಪ್ಪಿಗೆ ಒಂದು ಸರಿಯುತ್ತರ ಹಾರಿ ಹೋಗುವ ಪರೀಕ್ಷೆ ಅದು.

ಹೊಜ್ಜತ್ ಕಾಗದವನ್ನು ಎರಡು ಸಲ ನೋಡಿ ಮಡಿಸಿದ. "ಬಿಡ್ರಮ್ಮ," ಅಂದ. "ಬಹ್ಮನ್ ಒಳ್ಳೆ ಮನುಷ್ಯ. ನೆರಳಲ್ಲಿ ಕೂತು ಮಾಡೋ ಕೆಲಸ."

"ಇನ್ನೂ ಏಳು ವಾರ ಇದೆ ಅಪ್ಪ!"

"ಅಮ್ಮಾ, ನೀನೇ ಹೇಳು," ಹೊಜ್ಜತ್ ತಾಯಿಯ ಕಡೆ ತಿರುಗಿದ. "ಪರೀಕ್ಷೇಲಿ ಮಗ್ಗ ಇರಲ್ಲ, ಕಂಬಳಿ ಇರಲ್ಲ. ಹುಡುಗೀನ ಎತ್ತಲಾಗೋ ಕರ್ಕೊಂಡು ಹೋಗ್ತಿದೀಯ."

ಬೀಬಿಗೆ ಮಗ ಎದುರಾಡಿದ್ದು ಅದೇ ಮೊದಲಿರಬೇಕು. ಎದ್ದು ಕೋಣೆಗೆ ಹೋದಳು; ಆ ಸಂಜೆ ಮಗ್ಗದ ಸದ್ದು ಕೇಳಲಿಲ್ಲ. ಗೆಲಾರೆ ಅಮ್ಮನ ಚೀಲದ ಬಾಯಿ ಬಿಚ್ಚಿ ಯಂತ್ರ ತೆಗೆದುಕೊಂಡು ಬಾಗಿಲು ಹಾಕಿಕೊಂಡಳು. ಮನ್ಸೂರೆ ತಡೆಯಲಿಲ್ಲ.

ಮಾರನೆಯ ದಿನ ಮನ್ಸೂರೆಗೆ ರಜೆ. ಬೆಳಿಗ್ಗೆ ರೊಟ್ಟಿ, ಚೀಸು, ಚಹಾ ಮುಗಿದ ಮೇಲೆ ಊಟದ ಬಟ್ಟೆ ಮಡಿಸದೆ ಆ ಪ್ರಶ್ನೆಪತ್ರಿಕೆಯನ್ನು ಅಲ್ಲೇ ಹರವಿ ಕೂತಳು. ರಸಾಯನಶಾಸ್ತ್ರ ಅವಳಿಗೆ ಅರ್ಧ ಮರೆತಿತ್ತು. ಆದರೆ ವಾರ್ಡಿನಲ್ಲಿ ಯಾರದಾದರೂ ಹಾಳೆಯಲ್ಲಿ ತಪ್ಪು ಸಿಕ್ಕರೆ ಅದು ಯಾರ ತಪ್ಪು ಎಂದು ಕೇಳುವುದಕ್ಕಿಂತ ಎಂಥ ತಪ್ಪು ಎಂದು ನೋಡುವುದು ಅವಳಿಗೆ ರೂಢಿ. ಮೂರು ಪ್ರಶ್ನೆ ಪಾಠ ಗೊತ್ತಿಲ್ಲದೆ ತಪ್ಪಿದ್ದು. ಉಳಿದ ಹದಿನಾಲ್ಕರಲ್ಲಿ ದಾರಿ ಸರಿ, ಅಂಕಿ ತಪ್ಪು. ಒಂದು ಕಡೆ ಗೆಲಾರೆ 48.6 ಅನ್ನು 0.19ರಿಂದ ಗುಣಿಸಬೇಕಿತ್ತು. ಸರಿಯುತ್ತರ 9.2. ಅವಳು ಗುರುತು ಹಾಕಿದ್ದು 10.1ಕ್ಕೆ. ಮುಂದಿನದರಲ್ಲೂ ಸರಿಯುತ್ತರಕ್ಕಿಂತ ದೊಡ್ಡದಕ್ಕೆ. ಅದರ ಮುಂದಿನದರಲ್ಲೂ. ಮನ್ಸೂರೆ ಪೆನ್ಸಿಲಿನಿಂದ ಮೇಲ್ಮುಖ ಬಾಣ ಹಾಕುತ್ತ ಹೋದಳು. ಹದಿನಾಲ್ಕರಲ್ಲಿ ಹನ್ನೆರಡು ಬಾಣಗಳು ಮೇಲಕ್ಕೆ.

ಎದ್ದು ಹಿಂದಿನ ಕೋಣೆಗೆ ಹೋದಳು. ಬೀಬಿ ಮಗ್ಗದ ಮುಂದೆ ಕೈಕಟ್ಟಿ ಕೂತಿದ್ದಳು.

"ಬೀಬಿ, ಒಂದು ಕೇಳ್ತೀನಿ, ಕೋಪ ಮಾಡ್ಕೋಬೇಡಿ. ಇಷ್ಟು ವರ್ಷದಲ್ಲಿ ಯಾವತ್ತಾದ್ರೂ ಉಣ್ಣೆ ಕಮ್ಮಿ ತರಿಸಿದ್ದೀರಾ?"

"ತಲೆ ಕೆಟ್ಟಿದೆಯೇನೇ? ಕಮ್ಮಿ ಬಿದ್ರೆ ಬಣ್ಣಗಾರ ಎರಡನೇ ಸಲ ಅದೇ ಕೆಂಪು ಕಾಯಿಸಿ ಕೊಡ್ತಾನಾ? ಅಪ್ಪನಾಣೆಗೂ ಬರಲ್ಲ. ಕಂಬಳಿ ಮಧ್ಯ ಬೇರೆ ಕೆಂಪು ಕೂತ್ರೆ ಯಾರು ಮುಟ್ತಾರೆ? ಯಾವತ್ತೂ ಒಂದು ಲಡಿ ಹೆಚ್ಚೇ."

"ಅಂದ್ರೆ ಸುಮಾರು ಲೆಕ್ಕ ಮಾಡುವಾಗ..."

"ಏರಿಸಿ ಹಿಡೀಬೇಕು. ಅದನ್ನೂ ಹೇಳಿಕೊಡಬೇಕಾ?"

"ಎರಡು ಅಂಕಿ ಗುಣಿಸೋದಿದ್ರೆ ಎರಡನ್ನೂ?"

"ಎರಡನ್ನೂ."

ಮನ್ಸೂರೆ ಪ್ರಶ್ನೆಪತ್ರಿಕೆಯನ್ನು ಅವಳ ಮಡಿಲಲ್ಲಿಟ್ಟಳು. ಅಕ್ಷರ ಬಾರದಿದ್ದರೂ ಬಾಣಗಳು ಬೀಬಿಗೆ ಅರ್ಥವಾದವು. ಒಂದೊಂದರ ಮೇಲೂ ಬೆರಳಿಟ್ಟು ಹನ್ನೆರಡನ್ನೂ ಎಣಿಸಿದಳು.

"ಎಲ್ಲಾ ಒಂದೇ ಕಡೆ ವಾಲಿವೆ," ಅಂದಳು ಮೆಲ್ಲಗೆ. "ಅಯ್ಯೋ ಮನ್ಸೂರೆ. ನಾನೇ ಹುಡುಗೀನ ಕೆಡಿಸಿದೆ."

"ಕೆಡಿಸಲಿಲ್ಲ. ನಿಮ್ಮ ಕಸುಬಿಗೆ ಅದೇ ಸರಿ. ನಮ್ಮ ಮಕ್ಕಳ ವಾರ್ಡಲ್ಲಿ ಉಲ್ಟಾ. ಸಂಶಯ ಬಂದ್ರೆ ಇಳಿಸಬೇಕು, ಏರಿಸೋ ಹಾಗಿಲ್ಲ. ಪರೀಕ್ಷೆ ಮಾಡೋರು ಉಣ್ಣೇನೂ ಕೊಳ್ಳಲ್ಲ, ಮದ್ದೂ ಕೊಡಲ್ಲ ಬೀಬಿ. ಅವರಿಗೆ ಮಧ್ಯದ್ದು ಬೇಕು."

ಬಾಗಿಲಲ್ಲಿ ಗೆಲಾರೆ ನಿಂತಿದ್ದಳು, ಅತ್ತು ಊದಿದ ಮುಖ. ಒಳಗೆ ಬಂದು ಕಾಗದ ಕಿತ್ತುಕೊಂಡು ನೋಡಿದಳು. "48.6ನ್ನ ಐವತ್ತು ಮಾಡಿದೆ," ಅಂದಳು ತನಗೆ ತಾನೇ. "0.19ನ್ನ 0.2 ಮಾಡಿದೆ. ಹತ್ತು ಬಂತು. ಐವತ್ತಕ್ಕೆ ಏರಿಸಿದ್ರೆ ಇದನ್ನ 0.18ಕ್ಕೆ ಇಳಿಸಬೇಕಿತ್ತು. ಒಂಬತ್ತು. ಹತ್ತಿರದ್ದು 9.2." ಸ್ವಲ್ಪ ತಡೆದು, "ಭಾಗಾಕಾರ ಆದ್ರೆ ಎರಡನ್ನೂ ಏರಿಸಬಹುದು, ಇಲ್ಲಾ ಎರಡನ್ನೂ ಇಳಿಸಬಹುದು. ಹೌದಲ್ವಾ ಅಮ್ಮಾ?"

"ನನಗೆ ಗೊತ್ತಿಲ್ಲ ಕಣೇ. ನೋಡೋಣ, ಆ ಯಂತ್ರ ತಾ."

ಆ ಏಳು ವಾರ ಆ ಮನೆಯ ಸದ್ದೇ ಬೇರೆ. ಬೀಬಿ ನಕ್ಷೆ ಹಾಡುವ ರಾಗದಲ್ಲೇ ಅಂಕಿ ಕೂಗುವಳು. ಗೆಲಾರೆ ಗಂಟು ಹಾಕುತ್ತ ಉತ್ತರ ಹೇಳುವಳು. ಪಾಳಿಯಿಲ್ಲದ ಹೊತ್ತಿನಲ್ಲಿ ಮನ್ಸೂರೆ ಅಡುಗೆಮನೆಯಿಂದ ಯಂತ್ರ ಒತ್ತಿ ತೀರ್ಪು ಹೇಳುವಳು. "ನೂರಕ್ಕೆ ಎರಡು ಹೆಚ್ಚು!" "ನೂರಕ್ಕೆ ಒಂದು ಕಡಿಮೆ, ಸಾಕು!" ಕೂಲರಿಗೆ ಹೊಸ ಹುಲ್ಲು ಕಟ್ಟುತ್ತ ಏಣಿಯ ಮೇಲಿದ್ದ ಹೊಜ್ಜತ್ ಒಂದು ದಿನ ತಾನೂ ಉತ್ತರ ಕೂಗಿದ. ನೂರಕ್ಕೆ ಅರವತ್ತು ಹೆಚ್ಚು.

"ಹೊಜ್ಜತ್, ನೀನು ಬಸ್ ಓಡಿಸಪ್ಪ," ಅಂದಳು ಬೀಬಿ.

ಬೀಬಿಗೆ ಇಳಿಸುವುದು ಸುಲಭವಾಗಲಿಲ್ಲ. ಐವತ್ತು ವರ್ಷದ ಕೈ ತಾನಾಗಿ ಏರುತ್ತಿತ್ತು. ಹುಡುಗಿಗಿಂತ ಹೆಚ್ಚು ಸಲ ತಪ್ಪಿದ್ದು ಅವಳೇ. ತಪ್ಪಿದಾಗಲೆಲ್ಲ ತನ್ನ ಕೈಗೇ ಒಂದು ಏಟು ಹಾಕಿಕೊಂಡು, "ಇನ್ನೊಂದು ಸಲ ಕೂಗು," ಅನ್ನುತ್ತಿದ್ದಳು. ಈ ವಯಸ್ಸಿನಲ್ಲಿ, ಯಾವ ಪರೀಕ್ಷೆಯೂ ಇಲ್ಲದವಳು, ಮೊಮ್ಮಗಳ ಜೊತೆ ಕೂತು ತನ್ನ ಇಡೀ ಜನ್ಮದ ಅಭ್ಯಾಸವನ್ನು ಬಿಚ್ಚಿ ಮತ್ತೆ ನೇಯುವುದನ್ನು ಮನ್ಸೂರೆ ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದಳು. ಈ ಮನೆಗೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಅತ್ತೆಗೆ ಹೆದರಿದ್ದುಂಟು, ಅವಳನ್ನು ಸಹಿಸಿದ್ದುಂಟು. ಇಷ್ಟಪಟ್ಟದ್ದು ಈ ಬೇಸಿಗೆಯಲ್ಲೇ.

ಪರೀಕ್ಷೆಯ ದಿನ ಬೆಳಿಗ್ಗೆ ಏಳಕ್ಕೇ ಬಿಸಿಲು ಸುಡುತ್ತಿತ್ತು. ಗೆಲಾರೆ ಎರಡು ಪೆನ್ಸಿಲು, ರಬ್ಬರು, ಪ್ರವೇಶಪತ್ರ ಹಿಡಿದು ಹುಡುಗಿಯರ ಸಾಲಿನಲ್ಲಿ ಒಳಗೆ ಹೋದಳು. ತಾಯಂದಿರು ಗೇಟಿನ ಎದುರು ಕಂಬಳಿಚೂರು ಹಾಸಿ, ಫ್ಲಾಸ್ಕು ಇಟ್ಟುಕೊಂಡು ಕೂತರು. ಬೀಬಿ ಹಟ ಹಿಡಿದು ಬಂದಿದ್ದಳು. ಮಣಿಸರದ ಮಣಿ ಉರುಳಿಸುತ್ತ, ಪ್ರಾರ್ಥನೆಯ ಮಧ್ಯೆ ನಿಲ್ಲಿಸಿ ಕೇಳುವಳು:

"ಈಗ ಗಣಿತ ಬಂದಿರುತ್ತಾ?"

"ಇನ್ನೂ ಇಲ್ಲ ಬೀಬಿ."

"ಮನ್ಸೂರೆ, ಅವಳಿಗೆ ಬರದಿದ್ರೆ ತಪ್ಪು ನಂದು. ಹೊಜ್ಜತ್ ಮುಂದೆ ನಾನೇ ಹೇಳ್ತೀನಿ. ನೀನು ನಡುವೆ ಬರಬೇಡ."

"ಸುಮ್ನಿರಿ ಬೀಬಿ. ತಪ್ಪಾದ್ರೆ ಇಬ್ಬರದೂ. ನಾನೇ ಅಲ್ವಾ ಡಬ್ಬಿ ತಂದುಕೊಟ್ಟೋಳು?"

ಬೀಬಿ ಅವಳ ಮೊಣಕಾಲ ಮೇಲೆ ಕೈಯಿಟ್ಟಳು. ಮಧ್ಯಾಹ್ನ ಗೇಟು ತೆರೆಯುವವರೆಗೂ ಆ ಕೈ ಅಲ್ಲೇ ಇತ್ತು.

ಗೆಲಾರೆ ಹೊರಬಂದಾಗ ಅಳುತ್ತಲೂ ಇರಲಿಲ್ಲ, ನಗುತ್ತಲೂ ಇರಲಿಲ್ಲ. ಒಳಗೆ ಕೊಟ್ಟ ಕೇಕಿನ ಪೊಟ್ಟಣ ಒಡೆಯದೆ ಕೈಯಲ್ಲೇ ಇತ್ತು.

"ಎಷ್ಟು ಬಿಟ್ಟೆ?" ಅಂದಳು ಬೀಬಿ.

"ಆರು."

ಬೀಬಿಯ ಮುಖ ಇಳಿಯಿತು.

"ಹೊತ್ತಾಗದೆ ಬಿಟ್ಟಿದ್ದಲ್ಲ ಬೀಬಿ. ಎಲ್ಲಾದನ್ನೂ ಮಾಡಿ ನೋಡಿದೆ. ಆರರಲ್ಲಿ ಎರಡು ಆಯ್ಕೆ ತೀರ ಹತ್ತಿರ ಹತ್ತಿರ ಇದ್ವು. ನನ್ನ ಸುಮಾರು ಲೆಕ್ಕ ಅಷ್ಟು ಸೂಕ್ಷ್ಮ ಅಲ್ಲ ಅನ್ನಿಸ್ತು. ಬೇಕೂಂತಲೇ ಬಿಟ್ಟೆ."

ತನಗೆ ಎಷ್ಟು ಗೊತ್ತಿಲ್ಲ ಎಂಬುದನ್ನೂ ಅಳೆದು ಬಂದಿದ್ದ ಮಗಳನ್ನು ಮನ್ಸೂರೆ ಹೊಸಬಳನ್ನು ನೋಡುವಂತೆ ನೋಡಿದಳು. ಮಿನಿಬಸ್ಸಿನಲ್ಲಿ ಕಾಯುತ್ತಿದ್ದ ಹೊಜ್ಜತ್ ಏನೂ ಕೇಳದೆ ತಣ್ಣನೆ ನೀರಿನ ಬಾಟಲಿ ಚಾಚಿದ.

ಆಮೇಲಿನ ತಿಂಗಳು ಯಾರೂ ಆ ಮಾತೆತ್ತಲಿಲ್ಲ. ಹುಳಿದ್ರಾಕ್ಷಿ ಹಿಂಡಿ ರಸ ಸೀಸೆಗೆ ತುಂಬಿದರು, ಬೆಳ್ಳುಳ್ಳಿ ಉಪ್ಪಿನಕಾಯಿ ಹಾಕಿದರು. ಬಹ್ಮನ್ ಎರಡು ಸಲ ಹೇಳಿಕಳಿಸಿದ. ಎರಡೂ ಸಲ ಹೊಜ್ಜತ್, "ನೋಡೋಣ ತಡಿ," ಅಂದ.

ಫಲಿತಾಂಶ ಬಂದ ಬೆಳಿಗ್ಗೆ ಮನ್ಸೂರೆ ಹೆಂಗಸರ ವಾರ್ಡಿನಲ್ಲಿ ಒಬ್ಬ ಮುದುಕಿಗೆ ಗ್ಲೂಕೋಸ್ ಏರಿಸುತ್ತಿದ್ದಳು. ಕೈಗಡಿಯಾರ ನೋಡುತ್ತ ಹನಿ ಎಣಿಸುವಾಗ ಜೇಬಿನಲ್ಲಿ ಫೋನು ಅಲುಗಿತು. ನಿಂತಿತು. ಮತ್ತೆ ಅಲುಗಿತು. ಅವಳು ನಿಮಿಷ ತುಂಬುವವರೆಗೂ ಎಣಿಸಿ, ಕೊಳವೆಯ ಚಕ್ರ ತಿರುಗಿಸಿ ಸರಿಮಾಡಿ, ಇನ್ನೊಂದು ನಿಮಿಷ ಎಣಿಸಿ, ಆಮೇಲೆ ಫೋನು ತೆಗೆದಳು. ಆ ಕಡೆ ಮನೆಯೆಲ್ಲ ಒಟ್ಟಿಗೆ ಕೂಗುತ್ತಿತ್ತು.

"ಗೆಲಾರೆ, ನೀನೊಬ್ಬಳೇ ಮಾತಾಡು. ರ‍್ಯಾಂಕ್ ಎಷ್ಟು, ಒಂದೊಂದೇ ಅಂಕಿ ಹೇಳು."

"ಒಂದು. ಎಂಟು. ನಾಲ್ಕು. ಆರು."

ಕಾಗದ ಕೈಗೆ ಸಿಗಲಿಲ್ಲ. ಮನ್ಸೂರೆ ಜೇಬಿನ ಪೆನ್ನು ತೆಗೆದು ಎಡ ಅಂಗೈ ಮೇಲೆ ಬರೆದುಕೊಂಡಳು. ವೈದ್ಯರು ಫೋನಿನಲ್ಲಿ ಮದ್ದು ಹೇಳಿದಾಗ ತಿರುಗಿ ಓದಿ ಒಪ್ಪಿಸುವ ಹಾಗೆ ಓದಿದಳು. "ಒಂದು, ಎಂಟು, ನಾಲ್ಕು, ಆರು. ಸರೀನಾ?"

"ಸರಿ ಅಮ್ಮಾ. ಹೋದ ವರ್ಷ ಇಸ್ಫಹಾನಲ್ಲಿ ಫಾರ್ಮಸಿ ಕೊನೇ ಸೀಟು ಸಿಕ್ಕಿದ್ದು ಎರಡು ಸಾವಿರದ ನೂರರ ಹತ್ತಿರದ ರ‍್ಯಾಂಕಿಗೆ. ಅಪ್ಪ ಅಳ್ತಿದಾರೆ."

"ಅಳಲಿ ಬಿಡು. ಬೀಬಿ?"

"ಪಕ್ಕದ ಮನೆಗಳಿಗೆಲ್ಲ ಹೇಳೋಕೆ ಓಡಿದಳು. ಚಪ್ಪಲಿ ಹಾಕ್ಕೊಂಡಿಲ್ಲ."

ಫೋನು ಇಟ್ಟಮೇಲೂ ಮನ್ಸೂರೆ ಅಂಗೈ ಮುಚ್ಚಲಿಲ್ಲ. ಹಾಸಿಗೆಯ ಮುದುಕಿ ಕತ್ತೆತ್ತಿ ಅದನ್ನೇ ನೋಡುತ್ತಿದ್ದಳು, ಗಾಬರಿಯಾಗಿರಬೇಕು.

"ಅದೇನಮ್ಮಾ ಬರ್ಕೊಂಡೆ? ನನ್ನ ಮದ್ದಾ? ಅಷ್ಟೊಂದಾ?"

"ನಿಮ್ಮ ಮದ್ದಲ್ಲ ತಾಯೀ," ಅಂದಳು ಮನ್ಸೂರೆ. ಅಂಗೈಯನ್ನು ಅವಳಿಗೆ ಕಾಣುವ ಹಾಗೆ ಬೆಳಕಿಗೆ ಹಿಡಿದಳು. "ಇದು ನನ್ನ ಮಗಳು."